ಸೆರಗಿನ ಮೂಲೆಯ ಅರಿಶಿನ

"ಈ ಕೀಲಿ ನೀವ ಇಟ್ಕೊಳ್ರಿ ಅಣ್ಣಾರ. ಇನ್ನ ಆ ಬೀರೂನ ನಾ ಮುಟ್ಟೂದಿಲ್ಲ."

ಚನ್ನಕ್ಕ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಹಿಂದೆ ಸರಿದಳು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು.

ನಿನ್ನೆ ಬೆಳಿಗ್ಗೆ 'ಮಡಿಲು' ಸೀರೆ ಬ್ಯಾಂಕಿನ ಬೀರು ತೆಗೆದಾಗ ಅದರ ಹಿರಿಯಾಕೆ ಅಕ್ಕಯ್ಯಮ್ಮನ ಧಾರೆ ಸೀರೆ ಚೂರುಚೂರಾಗಿ ಬಿದ್ದಿತ್ತು. ಕೀಲಿ ಇದ್ದದ್ದು ಚನ್ನಕ್ಕನ ಹತ್ತಿರ. ಇನ್ನೊಂದು ಕೀಲಿ ಸೆಕ್ರೆಟರಿಯದು. ಅದು ನಮ್ಮ ಮನೆಯ ದೇವರ ಗೂಡಿನ ಮೊಳೆಗೆ ನೇತಾಡುತ್ತಿರುತ್ತದೆ.

ಸೀರೆ ಬ್ಯಾಂಕ್ ಎಂದರೆ ನಮ್ಮ ಕೊಡಿಗೇಹಳ್ಳಿಯ ಹೆಂಗಸರ ಕೆಲಸ. ಒಮ್ಮೆ ಉಟ್ಟು ಒಳಗಿಟ್ಟ ರೇಷ್ಮೆ ಸೀರೆಗಳನ್ನೆಲ್ಲ ಒಂದು ಕಡೆ ಸೇರಿಸಿದ್ದಾರೆ. ರೇಷ್ಮೆ ಕೊಳ್ಳಲಾಗದ ಮನೆಯ ಹೆಣ್ಣುಮಕ್ಕಳು ಬಂದು ಧಾರೆಗೆ ಒಂದನ್ನು ಆರಿಸಿಕೊಂಡು ಹೋಗುತ್ತಾರೆ, ಮದುವೆ ಮುಗಿದ ಮೇಲೆ ವಾಪಸ್ ತಂದಿಡುತ್ತಾರೆ. ನಮ್ಮ ಬೀದಿಯ ಅಂಗಡಿಯವರದೂ ಇದರಲ್ಲಿ ಕೈಯಿದೆ. ಬ್ಲೌಸ್ ಹೊಲಿದುಕೊಡುವವಳು ಕಲಾವತಿ, ಸೆರಗಿಗೆ ಕುಚ್ಚು ಕಟ್ಟುವವಳು ಚನ್ನಕ್ಕ, ಡ್ರೈವಾಶ್ ನಾಗೇಶ್. ಯಾರೂ ಕೂಲಿ ತೆಗೆದುಕೊಳ್ಳುವುದಿಲ್ಲ.

ಬೀರುವಿನಲ್ಲಿ ಎಷ್ಟು ಸೀರೆಯಿದ್ದರೂ ಎಲ್ಲರ ಕಣ್ಣೂ ಅಕ್ಕಯ್ಯಮ್ಮನ ಆ ಕೆಂಪು ಸೀರೆಯ ಮೇಲೇ. ಗಟ್ಟಿ ಜರಿ, ಗಂಡಭೇರುಂಡದ ಅಂಚು. ಅದನ್ನು ಉಟ್ಟು ಧಾರೆ ಎರೆಸಿಕೊಂಡವರ ಸಂಸಾರ ಚೆನ್ನಾಗಿರುತ್ತದೆ ಎಂಬ ಮಾತು ಬೇರೆ ಹಬ್ಬಿದೆ.

"ನಿಮ್ಮ ಮಗಳು ರಕ್ಷಾಗೂ ಅದೇ ಸೀರೆ ಕೇಳಿದ್ರಂತೆ?" ಎಂದೆ.

"ಕೇಳಿದ್ದು ಖರೆ ರೀ. ಮುನಿವೆಂಕಟಮ್ಮನ ಮಗಳದ್ದೂ ನನ್ನ ಮಗಳದ್ದೂ ಮುಹೂರ್ತ ಒಂದ ದಿನ, ಬರೂ ಐತವಾರ. ಅಕ್ಕಯ್ಯಮ್ಮಾರು ಮೊದಲ ಕೇಳಿದ ಮುನಿವೆಂಕಟಮ್ಮಗ ಕೊಡ್ತೀನಿ ಅಂದ್ರು. ಹೊಟ್ಟ್ಯಾಗ ಕಿಚ್ಚ ಬಿದ್ದಿದ್ದೂ ಖರೆ, ಸುಳ್ಳ್ಯಾಕ ಹೇಳ್ಲಿ. ಆದ್ರ ಸೀರಿಗೆ ಕತ್ತರಿ ಹಾಕೂ ಕೈ ಅಲ್ರಿ ಇದು."

ಅವಳು ಎರಡೂ ಕೈ ಮುಂದೆ ಚಾಚಿದಳು. ಬೆರಳ ತುದಿಗಳಲ್ಲಿ ರೇಷ್ಮೆ ನೂಲು ಎಳೆದೆಳೆದು ಗೆರೆ ಬಿದ್ದಿದ್ದವು.

"ಇವತ್ತ ಸಂಜಿಗೆ ಮೀಟಿಂಗ್ ಐತಿ. ನನ್ನ ಹೊರಗ ಹಾಕ್ತಾರ. ಹಾಕ್ಲಿ. ಆದ್ರ ಬೀಗರು ತಣಿಸಂದ್ರದಾಗ ಇದ್ದಾರ್ರಿ, ದೂರೇನಲ್ಲ. 'ಇನ್ನೊಬ್ಬಾಕಿ ಧಾರಿ ಸೀರಿ ಹರದಾಕಿ ಮಗಳು' ಅಂತ ಅವ್ರ ಕಿವಿಗೆ ಬಿದ್ರ ನನ್ನ ಕೂಸಿನ ಮದುವಿ ನಿಲ್ತದ."

"ನಿಲ್ಲಲ್ಲ. ಸಂಜೆ ಮೀಟಿಂಗಲ್ಲಿ ಎಲ್ಲರ ಮುಂದೆ ಯಾರು ಅಂತ ಹೇಳ್ತೀನಿ. ಇದು ನನ್ನ ಮಾತು ಚನ್ನಕ್ಕ."

ಮಾತು ಕೊಟ್ಟದ್ದು ಅವಳ ಕಣ್ಣೀರಿಗಾಗಿ ಎಂದರೆ ಅರ್ಧ ನಿಜ. ಉಳಿದರ್ಧ ನನ್ನ ಹೆಂಡತಿಗಾಗಿ.

ನನ್ನ ಹೆಂಡತಿ ಆಶಾರಾಣಿ ಸೀರೆ ಬ್ಯಾಂಕಿನ ಸೆಕ್ರೆಟರಿ. ಈ ಬೀದಿಯಲ್ಲಿ ಅವಳನ್ನು ಕೇಳದೆ ಒಂದು ಎಲೆಯೂ ಅಲುಗುವುದಿಲ್ಲ. ರಕ್ತದಾನದ ಶಿಬಿರ ಇರಲಿ, ಅಂಗನವಾಡಿಗೆ ಫ್ಯಾನ್ ಇರಲಿ, 'ಆಶಾ ಮೇಡಂನ ಕೇಳಿ'. ನಾನು ಶಿವರಾಮ್, ಶಿವರಾಮ್ ಡಿಟೆಕ್ಟಿವ್ ಏಜೆನ್ಸಿಯ ಮಾಲೀಕ, ಸೈನ್‌ಬೋರ್ಡ್ ಇದೆ, ವಿಸಿಟಿಂಗ್ ಕಾರ್ಡ್ ಇದೆ. ಆ ಬೋರ್ಡಿನ ಕೆಳಗೇ ನಿಂತು 'ಆಶಾ ಮೇಡಂ ಯಜಮಾನ್ರ ಆಫೀಸ್ ಎಲ್ಲಿ?' ಎಂದು ವಿಚಾರಿಸಿದ ಪುಣ್ಯಾತ್ಮರಿದ್ದಾರೆ.

ಹೊಟ್ಟೆಕಿಚ್ಚೇ? ಹೌದು, ಹೊಟ್ಟೆಕಿಚ್ಚೇ. ಕಟ್ಟಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸರು ಬಹಳ ಇದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ನಿನ್ನೆ ಚೂರುಗಳನ್ನು ನೋಡಿ ಹೆಂಗಸರೆಲ್ಲ ಮುಖ ತಿರುಗಿಸಿದ್ದರು. ಹರಿದ ಧಾರೆ ಸೀರೆ ಕಣ್ಣಿಗೆ ಬೀಳಬಾರದಂತೆ. ಆಶಾ ಒಬ್ಬಳೇ ಧೈರ್ಯ ಮಾಡಿ ಎಲ್ಲವನ್ನೂ ಬಾಚಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಇವತ್ತೇ ಹೆಬ್ಬಾಳ ಕೆರೆಗೆ ಬಿಟ್ಟುಬಿಡೋಣ ಎಂದಳು. ನಾನು ಸಾಕ್ಷಿ ಎಂದೆ. "ನಿಮ್ಮ ಸಾಕ್ಷಿ ಗೀಕ್ಷಿ ಎಲ್ಲಾ ಆಫೀಸಲ್ಲಿ ಇಟ್ಕೊಳ್ಳಿ, ಇದು ಹೆಂಗಸರ ವಿಷಯ" ಎಂದು ಎಲ್ಲರ ಮುಂದೆ ಅಂದುಬಿಟ್ಟಳು. ನನಗೆ ಎಲ್ಲಿತ್ತೋ ಸಿಟ್ಟು, ಗಂಟನ್ನು ಅವಳ ಕೈಯಿಂದ ಕಸಿದುಕೊಂಡೇ ಬಂದೆ.

ಆ ಗಂಟನ್ನು ಬಗಲಿಗೆ ಇಟ್ಟುಕೊಂಡು ಮೆಟ್ಟಿಲಿಳಿದೆ. ನಮ್ಮ ಆಫೀಸಿನ ಕೆಳಗೇ ನಾಗೇಶನ ಇಸ್ತ್ರಿ ಅಂಗಡಿ.

"ಅಣ್ಣಾ, ನಿಮ್ ಹೊಸ ಶರ್ಟ್ ರೆಡಿ. ಬೇರೆಯವ್ರ ಬಟ್ಟೆಗೆಲ್ಲಾ ನಂಬರ್ ಬರೀಬೇಕು. ನಿಮ್ಮನೇದು ಹಿಂದೆ ತಿರುಗಿಸಿದ್ರೆ ಸಾಕು, ಗೊತ್ತಾಗೋಗುತ್ತೆ," ಎಂದು ನಕ್ಕ.

ನನ್ನನ್ನು ಕಿಚಾಯಿಸಲು ಅವನಿಗೆ ಇದೊಂದು ಸಿಕ್ಕಿದೆ. ಹೊಸ ಬಟ್ಟೆ ಮನೆಗೆ ಬಂದರೆ ಮೂಲೆಗೆ ಅರಿಶಿನ ಹಚ್ಚುವುದು ಎಲ್ಲರ ಮನೆಯಲ್ಲೂ ಇದೆ. ಆಶಾ ಅರಿಶಿನದ ನಡುವೆ ಕುಂಕುಮದ ಚುಕ್ಕೆಯನ್ನೂ ಇಡುತ್ತಾಳೆ. ಒಮ್ಮೆ ಕ್ಲೈಂಟ್ ಒಬ್ಬರು ನನ್ನ ಬಿಳಿ ಶರ್ಟಿನ ಕಲೆ ನೋಡಿ ಸಾರು ಚೆಲ್ಲಿದೆ ಎಂದು ಕರ್ಚೀಫ್ ಕೊಟ್ಟಿದ್ದರು. ಮನೆಗೆ ಹೋಗಿ ರಂಪ ಮಾಡಿದೆ. ಅಂದಿನಿಂದ ಒಳಮೈಗೆ ಹಚ್ಚುವುದನ್ನು ಶುರುಮಾಡಿದಳೇ ಹೊರತು ಹಚ್ಚುವುದನ್ನು ಬಿಡಲಿಲ್ಲ.

"ಸಂಜೆ ತಗೋತೀನಿ ಕಣೋ," ಎಂದು ಕಲಾವತಿಯ ಅಂಗಡಿಯ ಕಡೆ ನಡೆದೆ.

ಕಲಾವತಿಯ ಮೇಲೆ ನನ್ನ ಅನುಮಾನಕ್ಕೆ ಎರಡು ಕಾರಣ. ಮಂಗಳವಾರ ಅವಳು ಚನ್ನಕ್ಕನ ಹತ್ತಿರ ಬೀರುವಿನ ಕೀಲಿ ಇಸಿದುಕೊಂಡಿದ್ದಳು. ಎರಡನೆಯದು ಗಂಟಿನೊಳಗೇ ಇತ್ತು. ಸೀರೆಯ ಚೂರುಗಳೆಲ್ಲ ಇದ್ದವು, ಚನ್ನಕ್ಕ ಕಟ್ಟಿದ್ದ ಕುಚ್ಚುಗಳು ಮಾತ್ರ ಒಂದೂ ಇರಲಿಲ್ಲ. ಸೆರಗಿನ ಅಂಚನ್ನು ಉದ್ದಕ್ಕೂ ಕತ್ತರಿಯಿಂದ ಸವರಿ ಯಾರೋ ಒಯ್ದಿದ್ದರು. ಆ ಕುಚ್ಚುಗಳ ಮೇಲೆ ಹಲ್ಲು ಕಡಿಯುತ್ತಿದ್ದವಳು ಈ ಬೀದಿಯಲ್ಲಿ ಒಬ್ಬಳೇ.

"ಬನ್ನಿ ಶಿವರಾಮಣ್ಣ. ಆಶಕ್ಕ ಕಳ್ಸಿದ್ರಾ?"

ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆಯೇ ಕೇಳಿದಳು. ಮೊದಲ ಮಾತಿಗೇ ನನ್ನ ಮೈ ಉರಿಯಿತು.

"ಯಾರೂ ಕಳ್ಸಿಲ್ಲ. ನಾನೇ ಬಂದೆ. ಮಂಗಳವಾರ ಕೀಲಿ ಯಾಕೆ ತಗೊಂಡೆ ಕಲಾ?"

"ಮುನಿವೆಂಕಟಮ್ಮನ ಮಗಳಿಗೆ ಬ್ಲೌಸ್ ಹೊಲೀಬೇಕಿತ್ತು. ಸೀರೆ ಬಣ್ಣಕ್ಕೆ ದಾರ ಮ್ಯಾಚ್ ಮಾಡೋದು ಬೇಡ್ವಾ? ನೋಡ್ಕೊಂಡು ಬೀಗ ಹಾಕಿ ಕೀಲಿ ವಾಪಸ್ ಕೊಟ್ಟೆ. ಆಶಕ್ಕನೂ ಅಲ್ಲೇ ಇದ್ರು, ಕೇಳಿ ಬೇಕಾದ್ರೆ."

"ಸೀರೆ ಆಗ ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

ನಾನು ಗಂಟನ್ನು ಅವಳ ಕಟಿಂಗ್ ಟೇಬಲ್ಲಿನ ಮೇಲೆ ಬಿಚ್ಚಿದೆ. ಅವಳು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಮುಚ್ಚಿ ಅಣ್ಣ. ಅಂಗಡೀಲಿ ಬಿಚ್ಬೇಡಿ ಅದನ್ನ."

"ನೋಡು ಸರಿಯಾಗಿ. ಕುಚ್ಚು ಎಲ್ಲಿ?"

"ನನ್ನ ಯಾಕೆ ಕೇಳ್ತೀರಾ?"

"ಕುಚ್ಚಿನ ಮೇಲೆ ಇಷ್ಟೊಂದು ಸಿಟ್ಟು ಇನ್ಯಾರಿಗಿದೆ, ನೀನೇ ಹೇಳು."

ಅವಳು ಎದ್ದು ನಿಂತಳು. ಕೊರಳಲ್ಲಿದ್ದ ಟೇಪನ್ನು ತೆಗೆದು ಟೇಬಲ್ಲಿನ ಮೇಲೆ ಎಸೆದಳು.

"ಹೂಂ ಕಣಣ್ಣ, ಸಿಟ್ಟಿದೆ. ಸಿಟ್ಟಲ್ಲ, ಹೊಟ್ಟೆ ಉರಿಯತ್ತೆ! ಬ್ಯಾಂಕ್ ಶುರುವಾದಾಗ ಯಾರಿದ್ರು? ನಾನು, ಆಶಕ್ಕ, ಅಕ್ಕಯ್ಯಮ್ಮ. ಹಬ್ಬದ ಆರ್ಡರ್ ಬಿಟ್ಟು ಬಿಟ್ಟಿ ಬ್ಲೌಸ್ ಹೊಲ್ದೆ. ಒಂದಿನಾನಾದ್ರೂ ಯಾರಾದ್ರೂ ನನ್ನ ಹೆಸರು ಹೇಳಿದ್ರಾ? ಈ ಚನ್ನಕ್ಕ ಮೊನ್ನೆ ಮೊನ್ನೆ ಗದಗದಿಂದ ಬಂದ್ಳು. ನಾಲ್ಕು ಕುಚ್ಚು ಕಟ್ಟಿದ್ದೇ ಕಟ್ಟಿದ್ದು, ಎಲ್ಲರ ಬಾಯಲ್ಲೂ ಚನ್ನಕ್ಕ ಚನ್ನಕ್ಕ!"

"ಅಷ್ಟಕ್ಕೇ..."

"ಅಷ್ಟಕ್ಕೇನಾ? ನೋಡಿಲ್ಲಿ!" ಗೋಡೆಯ ಮೇಲೆ ಸಾಲಾಗಿ ಅಂಟಿಸಿದ್ದ ಮದುವಣಗಿತ್ತಿಯರ ಫೋಟೋಗಳನ್ನು ತೋರಿಸಿದಳು. "ನನ್ನ ಬ್ಲೌಸ್ ಕಾಣ್ಲಿ ಅಂತ ಅಂಟಿಸಿದ್ದು ಇದನ್ನ. ಕಾಣ್ತಿದ್ಯಾ? ಫೋಟೋ ಹೊಡಿಯೋವಾಗ ಸೆರಗು ಮುಂದಕ್ಕೆ ಹರಡ್ತಾರೆ. ನನ್ನ ಕೆಲಸ ಎಲ್ಲಾ ಅದರಡಿಗೆ ಮುಚ್ಚೋಗುತ್ತೆ. ಅಂಗಡಿಗೆ ಬಂದವ್ರು ಫೋಟೋ ನೋಡಿ 'ಕುಚ್ಚು ಯಾರು ಹಾಕಿದ್ದು?' ಅಂತ ನನ್ನೇ ಕೇಳ್ತಾರೆ. ನಾನು ವಿಳಾಸ ಕೊಟ್ಟು ಕಳಿಸ್ಬೇಕು!"

ನನಗೆ ನನ್ನ ಬೋರ್ಡು ನೆನಪಾಯಿತು. ಆದರೆ ಪತ್ತೇದಾರನಿಗೆ ಕರುಣೆ ಅಡ್ಡ ಬರಬಾರದು.

"ಅದಕ್ಕೇ ಕತ್ತರಿಸಿ ಕುಚ್ಚು ಎತ್ಕೊಂಡು ಹೋದೆ."

"ಎತ್ಕೊಂಡು ಯಾಕೆ ಹೋಗ್ಲಿ?" ಅವಳು ನನ್ನನ್ನೇ ದಿಟ್ಟಿಸಿದಳು. "ನಾನಾಗಿದ್ರೆ ಸೀರೆ ಮುಟ್ತಾನೇ ಇರ್ಲಿಲ್ಲ. ಅಕ್ಕಯ್ಯಮ್ಮನ ಮೇಲೆ ನನಗೇನು ಕೋಪ? ಕುಚ್ಚು ಒಂದೊಂದೂ ಕತ್ತರಿಸಿ ಅಲ್ಲೇ ಗುಡ್ಡೆ ಹಾಕಿ ಬರ್ತಿದ್ದೆ. ಬೀರು ತೆಗೆದ ತಕ್ಷಣ ಅವಳ ಕಣ್ಣಿಗೇ ಬೀಳ್ಬೇಕಿತ್ತಲ್ಲ! ಅವಳು ನೋಡ್ದೇ ಇದ್ಮೇಲೆ ನನ್ನ ಹೊಟ್ಟೆ ತಣ್ಣಗಾಗೋದು ಹೆಂಗೆ?"

ಅವಳು ಹೇಳಿದ್ದು ಸರಿ. ಈ ವಿಷಯದಲ್ಲಿ ನನಗಿಂತ ಬಲ್ಲವರು ಬೇಕೇ? ಹೊಟ್ಟೆಕಿಚ್ಚು ಕದ್ದು ಮುಚ್ಚಿ ತೀರುವುದಿಲ್ಲ. ನಾನು ಗೆದ್ದರೆ ಆಶಾ ನೋಡಬೇಕು, ಅವಳ ಮುಂದೆಯೇ ಗೆಲ್ಲಬೇಕು. ಅವಳಿಲ್ಲದ ಕಡೆ ಗೆದ್ದು ನನಗೇನು ಬಂತು? ಕುಚ್ಚಿನ ಮೇಲೆ ಕಣ್ಣಿಟ್ಟವರು ಕುಚ್ಚನ್ನು ಮರೆಮಾಡುವುದಿಲ್ಲ.

ಹಾಗಾದರೆ ಕುಚ್ಚು ಎಲ್ಲಿ ಹೋಯಿತು?

ಗೋಡೆಯ ಫೋಟೋದ ಹತ್ತಿರ ಹೋದೆ. ಕಳೆದ ಶ್ರಾವಣದಲ್ಲಿ ಮದುವೆಯಾದ ಹುಡುಗಿ, ಅಕ್ಕಯ್ಯಮ್ಮನ ಕೆಂಪು ಸೀರೆ, ಮುಂದಕ್ಕೆ ಹರಡಿದ ಸೆರಗು. ಕುಚ್ಚುಗಳ ಮೇಲ್ಭಾಗದಲ್ಲಿ, ಸೆರಗಿನ ಮೂಲೆಯಲ್ಲಿ, ಅಂಗೈಯಗಲದ ಕಂದುಹಳದಿ ಕಲೆ.

ಆ ಕಲೆ ನನಗೆ ಗೊತ್ತು. ಬ್ಯಾಂಕಿನ ಪದ್ಧತಿ ಅದು. ಸೀರೆ ಒಬ್ಬ ಮದುಮಗಳ ಕೈಗೆ ಹೋಗುವಾಗ ಅಕ್ಕಯ್ಯಮ್ಮನ ಎದುರು, ಹುಡುಗಿಗೆ ಕಾಣುವ ಹಾಗೆ, ಸೆರಗಿನ ಮೇಲ್ಮೈಗೆ ಅರಿಶಿನ ಹಚ್ಚುತ್ತಾರೆ. ಎಷ್ಟು ಹುಡುಗಿಯರು ಉಟ್ಟರೋ ಅಷ್ಟು ಸಲ ಅದೇ ಮೂಲೆಗೆ ಅರಿಶಿನ. ನಾಗೇಶ ಏನು ಹಾಕಿ ಒಗೆದರೂ ಹೋಗದು, ತೆಗೆಯಬೇಡ ಎಂದು ಅಕ್ಕಯ್ಯಮ್ಮನದೇ ಅಪ್ಪಣೆ.

ಟೇಬಲ್ಲಿಗೆ ಬಂದು ಚೂರುಗಳನ್ನು ಕೆದಕಿದೆ. ಸೆರಗಿನ ಎರಡೂ ಮೂಲೆ ಸಿಕ್ಕಿದವು. ಅಂಚು ಸವರಿದ್ದರೂ ಅಂಗೈಯಗಲದ ಕಲೆ ಕಾಣದೆ ಹೋಗಲು ಸಾಧ್ಯವಿಲ್ಲ. ಎರಡೂ ಮೂಲೆ ಕೆಂಪಗೆ, ಶುದ್ಧವಾಗಿ ಹೊಳೆಯುತ್ತಿದ್ದವು.

"ಕಲಾ, ಇಲ್ಲಿ ನೋಡು. ಕಲೆ ಎಲ್ಲಿ?"

ಅವಳು ಹಿಂಜರಿಯುತ್ತಲೇ ಬಗ್ಗಿದಳು. ಒಂದು ಚೂರನ್ನು ಬೆರಳಿನ ನಡುವೆ ಉಜ್ಜಿ ನೋಡಿದಳು.

"ಅಯ್ಯೋ ಶಿವನೇ. ಅಣ್ಣ, ಇದು ಹೊಸದು! ಗಂಜಿ ಇನ್ನೂ ಹಾಗೇ ಇದೆ. ಇದು ಅಕ್ಕಯ್ಯಮ್ಮನ ಸೀರೆ ಅಲ್ಲವೇ ಅಲ್ಲ."

"ಅದಕ್ಕೇ ಕುಚ್ಚಿಲ್ಲ. ಇದಕ್ಕೆ ಕುಚ್ಚು ಇರಲೇ ಇಲ್ಲ. ಕತ್ತರಿಸಿ ಒಯ್ದ ಹಾಗೆ ಕಾಣ್ಲಿ ಅಂತ ಅಂಚು ಸವರಿದ್ದಾರೆ."

"ಹಾಗಾದ್ರೆ ನಿಜವಾದ ಸೀರೆ?" ಎಂದಳು ಕಲಾವತಿ.

"ಯಾರೋ ಎತ್ತಿದ್ದಾರೆ. ಅದೇ ಥರದ ಹೊಸ ಸೀರೆ ತಂದು, ಕತ್ತರಿಸಿ ಬೀರುವಿನಲ್ಲಿ ಹಾಕಿದ್ದಾರೆ. ಹೊಟ್ಟೆಕಿಚ್ಚಿನವರು ಅಂಗಡಿಗೆ ಹೋಗಿ ಹೊಸದು ಕೊಂಡು ತಂದು ಕತ್ತರಿಸ್ತಾರಾ? ಕಳ್ಳತನ ಇದು. ಹರಿದದ್ದನ್ನ ಯಾರೂ ಮುಟ್ಟಲ್ಲ, ನೋಡಲ್ಲ, ನೀನೂ ಚನ್ನಕ್ಕನೂ ಒಬ್ಬರ ಮೇಲೊಬ್ಬರು ಹಾಕ್ಕೊಂಡು ಕಿತ್ತಾಡ್ತೀರಾ. ನಮ್ಮನ್ನೆಲ್ಲ ಚೆನ್ನಾಗಿ ಬಲ್ಲವರ ಕೆಲಸ."

ಹೇಳುತ್ತಾ ಹೇಳುತ್ತಾ ನನಗೆ ಖುಷಿ ಉಕ್ಕಿ ಬಂತು. "ನಾನು ಹಟ ಹಿಡೀದಿದ್ರೆ ಈ ಗಂಟು ಇಷ್ಟೊತ್ತಿಗೆ ಹೆಬ್ಬಾಳ ಕೆರೇಲಿ ಇರ್ತಿತ್ತು. ಹೋಗಿ ಹೇಳು ನಿಮ್ಮ ಆಶಕ್ಕನಿಗೆ!"

"ಸಂಜೆ ಮೀಟಿಂಗಲ್ಲಿ ನೀವೇ ಹೇಳಿ ಅಣ್ಣ," ಎಂದು ಕಲಾವತಿ ಕಣ್ಣೊರೆಸಿಕೊಂಡಳು. ನಾನು ಹೊರಡುವಾಗ ಮೆಲ್ಲಗೆ ಸೇರಿಸಿದಳು, "ಚನ್ನಕ್ಕಂಗೂ ಹೇಳ್ಬಿಡಿ, ನಾನಲ್ಲ ಅಂತ. ಅವಳೂ ಅಲ್ಲ ಅಂತ ನನಗೆ ಗೊತ್ತು ಅಂತಾನೂ ಹೇಳಿ."

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಮೀಟಿಂಗ್ ಶುರುವಾಗಿಬಿಟ್ಟಿತ್ತು. ಅಕ್ಕಯ್ಯಮ್ಮನ ಮನೆಯ ಪಡಸಾಲೆ, ತುಂಬಿದ ಜನ, ನಡುವೆ ನಾನು. ಸೆರಗಿನ ಮೂಲೆಯನ್ನು ಎತ್ತಿ ಹಿಡಿಯುತ್ತೇನೆ. 'ಎಲ್ಲಿದೆ ಅರಿಶಿನ?' ಎನ್ನುತ್ತೇನೆ. ಆಶಾಳ ಬಾಯಿಂದ ಮಾತು ಹೊರಡುವುದಿಲ್ಲ. ಚನ್ನಕ್ಕನ ಮೇಲಿನ ಅಪವಾದ ಅಲ್ಲಿಗೆ ತೊಳೆದುಹೋಗುತ್ತದೆ. ಕಳ್ಳರು ಯಾರು ಎನ್ನುವುದನ್ನು ಆಮೇಲೆ ನೋಡಿಕೊಂಡರಾಯಿತು.

ಆದರೆ ಆ ಮೂಲೆ ಗಂಟಿನಲ್ಲಿ ಮುದುಡಿ ಮುದ್ದೆಯಾಗಿತ್ತು. ಎತ್ತಿ ಹಿಡಿದರೆ ಎಲ್ಲರಿಗೂ ಚೆನ್ನಾಗಿ ಕಾಣಬೇಡವೇ?

"ನಾಗೇಶಾ, ಇದಕ್ಕೊಂದು ಇಸ್ತ್ರಿ ಎಳಿ. ಹೊಸ ಶರ್ಟೂ ಕೊಡು, ಹಾಕ್ಕೊಂಡೇ ಹೋಗ್ತೀನಿ."

ಅಂಗಡಿಯ ಹಿಂದೆ ಹೋಗಿ ಶರ್ಟ್ ಬದಲಿಸಿದೆ. ನಾಗೇಶ ಇಸ್ತ್ರಿ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಹಿಡಿದು ಚೂರನ್ನು ಹರಡುತ್ತಿದ್ದ. ರೇಷ್ಮೆಗೆ ನೇರವಾಗಿ ಶಾಖ ತಾಗಬಾರದು. ಒಳಮೈ ಮೇಲೆ ಮಾಡಿ, ತೆಳು ಬಟ್ಟೆ ಹಾಸಿ ಇಸ್ತ್ರಿ ಎಳೆಯುತ್ತಾರೆ. ಅವನು ಚೂರನ್ನು ಮಗುಚಿದ. ಹಾಸುವ ಬಟ್ಟೆ ಅವನ ಕೈಯಲ್ಲೇ ಉಳಿಯಿತು.

"ಅಣ್ಣಾ, ಇದು ನಿಮ್ಮನೇದಾ?"

"ಏನೋ ಅದು?"

"ಅಲ್ಲಾ, ಅಮ್ಮಾವ್ರ ಹೊಸ ಸೀರೆ ಯಾಕೆ ಹರ್ದಾಕಿದ್ದೀರಾ ಅಂತ." ಅವನು ಬೆರಳಿಟ್ಟು ತೋರಿಸಿದ. "ಗುರುತು ಇದೆಯಲ್ಲ."

ಸೆರಗಿನ ಒಳಮೈಯ ಮೂಲೆಯಲ್ಲಿ ಒಂದು ಅರಿಶಿನದ ಬೊಟ್ಟು. ಅದರ ನಡುವೆ ಕುಂಕುಮದ ಚುಕ್ಕೆ.

ಹಾಕಿಕೊಂಡಿದ್ದ ಶರ್ಟಿನ ಅಂಚನ್ನು ಎತ್ತಿ ಮಗುಚಿದೆ. ಒಳಮೈಯಲ್ಲಿ ಅದೇ ಅರಿಶಿನ, ಅದೇ ಕುಂಕುಮ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕತ್ತರಿಸಲಿಕ್ಕೆಂದೇ ತಂದ ಸೀರೆಯಾದರೂ ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಅವಳ ಕೈ ನಿಂತಿರಲಿಲ್ಲ.

ಗಂಟು ಕಟ್ಟಿದವಳು ಅವಳು. ಕೆರೆಗೆ ಬಿಡೋಣ ಎಂದವಳು ಅವಳು. ದೇವರ ಗೂಡಿನ ಮೊಳೆಗೆ ನೇತಾಡುವ ಕೀಲಿಯೂ ಅವಳದೇ. ನಿಜವಾದ ಸೀರೆ ಎತ್ತಿದವಳೂ ಅವಳೇ, ಯಾಕೆ ಎಂಬುದು ಮಾತ್ರ ಹೊಳೆಯಲಿಲ್ಲ. ಇಷ್ಟು ದಿನ ಎಲ್ಲರ ಮನೆಯ ಗುಟ್ಟು ಕೆದಕಿದ ನಾನು ಆ ಕೀಲಿಯನ್ನು ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಇಸ್ತ್ರಿ ಬೇಡ ಬಿಡು," ಎಂದೆ. ಚೂರನ್ನು ಅವನ ಕೈಯಿಂದ ತೆಗೆದುಕೊಂಡೆ.

ಅಕ್ಕಯ್ಯಮ್ಮನ ಪಡಸಾಲೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ತುಂಬಿತ್ತು. ಮುಂದಿನ ಸಾಲಿನಲ್ಲಿ ನನಗಾಗಿ ಒಂದು ಕುರ್ಚಿ ಖಾಲಿ ಇಟ್ಟಿದ್ದರು. ಯಾವಾಗಲೂ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ನಿಲ್ಲುವವನು ನಾನು.

ಗೋಡೆಗೆ ಒರಗಿ ಚನ್ನಕ್ಕ ಕುಳಿತಿದ್ದಳು. ಪಕ್ಕದಲ್ಲಿ ರಕ್ಷಾ, ತಾಯಿಯ ಸೆರಗನ್ನು ಹಿಡಿದುಕೊಂಡು. ಆಚೆ ಮೂಲೆಯಲ್ಲಿ ಮುನಿವೆಂಕಟಮ್ಮ, ಈ ತಾಯಿ ಮಗಳ ಕಡೆ ತಿರುಗಿಯೂ ನೋಡದೆ.

ಆಶಾ ಎದ್ದು ನಿಂತಳು. ಎಂದಿನ ಹಾಗೆ ಗಟ್ಟಿಯಾಗಿ, ನಗುಮುಖದಿಂದ.

"ಎಲ್ಲರೂ ಸುಮ್ನಿರಿ. ಕಲಾ ಹೇಳಿದ್ಲು, ಇವ್ರು ಏನೋ ಪತ್ತೆ ಮಾಡಿದ್ದಾರಂತೆ. ನಮ್ಮ ಪತ್ತೇದಾರ್ ಶಿವರಾಮ್ ಅವ್ರು ಈಗ ಮಾತಾಡ್ತಾರೆ."

ನಮ್ಮನೆಯವರು ಎನ್ನಲಿಲ್ಲ. ಪತ್ತೇದಾರ್ ಶಿವರಾಮ್ ಎಂದಳು. ಅವಳ ಬಾಯಿಂದ ನಾಲ್ಕು ಜನರ ಮುಂದೆ ಈ ಮಾತು ಬರಲಿ ಎಂದು ನಾನು ಎಷ್ಟು ವರ್ಷ ಹಲುಬಿದ್ದೆನೋ. ಜನ ಚಪ್ಪಾಳೆ ತಟ್ಟಿದರು.

ಕುರ್ಚಿಯವರೆಗೆ ನಡೆದೆ. ಆಶಾ ಜಾಗ ಬಿಡಲು ಪಕ್ಕಕ್ಕೆ ಸರಿದಳು. ಆಗ ಅವಳ ಕಣ್ಣು ನನ್ನ ಕೈಯಲ್ಲಿದ್ದ ಚೂರಿನ ಮೇಲೆ ಬಿತ್ತು. ಒಳಮೈ ಹೊರಗಾಗಿತ್ತು.

ಅವಳ ನಗು ಹಾಗೇ ಇತ್ತು, ಮುಖದ ಬಣ್ಣ ಹೋಯಿತು. ಕಾಲರ್ ಸರಿಮಾಡುವವಳ ಹಾಗೆ ನನ್ನ ಹತ್ತಿರಕ್ಕೆ ಬಗ್ಗಿದಳು.

"ರೀ," ಎಂದಳು, ನನಗೊಬ್ಬನಿಗೇ ಕೇಳುವಂತೆ. "ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತೊಂದಿನ ಸೋತುಬಿಡಿ. ಯಾಕೆ ಅಂತ ಮನೆಗೆ ಹೋದ್ಮೇಲೆ ಹೇಳ್ತೀನಿ."

"ಏಳಪ್ಪಾ ಶಿವರಾಮಾ," ಅಕ್ಕಯ್ಯಮ್ಮ ಮಣೆಯ ಮೇಲಿನಿಂದ ಕೂಗಿದರು. "ಯಾಕ್ ಸುಮ್ಕೆ ನಿಂತ್ಕಂಡೆ? ಇಂಗೆ ಮಾಡಿದ್ ಯಾರು ಏಳು. ನಮ್ಮೋರೇ ಆಗ್ಲಿ, ಎಸ್ರು ಏಳು."

ಜೇಬಿನಲ್ಲಿ ಚನ್ನಕ್ಕನ ಕೀಲಿ ಇತ್ತು, ಮುಷ್ಟಿಯಲ್ಲಿ ಸೆರಗಿನ ಮೂಲೆ.

ನಾನು ಜನರ ಕಡೆ ತಿರುಗಿದೆ. ಚನ್ನಕ್ಕ ಮಗಳ ಕೈ ಹಿಡಿದು ಎದ್ದು ನಿಂತಿದ್ದಳು, ನಾನು ಕೊಟ್ಟ ಮಾತಿಗಾಗಿ ಕಾಯುತ್ತಾ.